ಲಾಠಿ ಹಿಡಿದ ಕೈ ಯಾರದು?

(ಗಿರಣಿ ಕಾರ್ಮಿಕರು, ಹಮಾಲರು ಮತ್ತು ಸಂತೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಇಂದಿನ ಸಭೆಯ ವಿಷಯವನ್ನು ಕರಪತ್ರದಲ್ಲಿ ಓದಿ ನಿಮ್ಮಲ್ಲಿ ಹಲವರು ಹುಬ್ಬು ಗಂಟಿಕ್ಕಿದ್ದೀರಿ. ಅದು ನಮಗೆ ಗೊತ್ತು. ಒಬ್ಬ ಹಿರಿಯ ಹಮಾಲರು ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿ, "ಏನಪ್ಪಾ, ನಮ್ಮ ಕೂಲಿ ವಿಚಾರ ಮುಗಿದುಹೋಯಿತೇ? ಬೋನಸ್ಸು ಬಂದುಬಿಟ್ಟಿತೇ? ಪೊಲೀಸಿನವರ ಕಷ್ಟ ಕೇಳೋಕೆ ನಮ್ಮನ್ನು ಕರೆಸಿದ್ದೀರಲ್ಲ! ಅವರು ಕೊಟ್ಟ ಬಾಸುಂಡೆ ಇನ್ನೂ ಬೆನ್ನ ಮೇಲಿದೆ" ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡಲೆಂದೇ ನಾವು ಇಲ್ಲಿ ನಿಂತಿದ್ದೇವೆ. ಉತ್ತರ ಸರಿಯಲ್ಲ ಎಂದು ಕಂಡರೆ ಸಭೆ ಮುಗಿದ ಮೇಲೆ ಅವರು ನಮ್ಮನ್ನು ಮತ್ತೆ ಅದೇ ಬಾಗಿಲಲ್ಲಿ ನಿಲ್ಲಿಸಲಿ.

ನಾವು ಪೊಲೀಸನನ್ನು ಕಾಣುವುದು ಎರಡೇ ಜಾಗದಲ್ಲಿ. ಗಿರಣಿಯ ಗೇಟಿನ ಮುಂದೆ ಧರಣಿ ಕೂತಾಗ ಅವನು ಮಾಲೀಕನ ಕಡೆಗೆ ಬೆನ್ನು, ನಮ್ಮ ಕಡೆಗೆ ಮುಖ ಮಾಡಿ ನಿಂತಿರುತ್ತಾನೆ. ಸಂತೆಯ ದಿನ ತಳ್ಳುಗಾಡಿಯ ಮುಂದೆ ಬಂದು, ಬಾಯಲ್ಲಿ ಏನೂ ಹೇಳದೆ, ಲಾಠಿಯ ತುದಿಯಿಂದ ತಕ್ಕಡಿಯನ್ನು ಮುಟ್ಟಿ ನಿಲ್ಲುತ್ತಾನೆ. ಗಾಡಿಯವನಿಗೆ ಅರ್ಥವಾಗುತ್ತದೆ. ಈ ಎರಡು ಜಾಗದಲ್ಲಿ ಕಂಡ ಪೊಲೀಸನೇ ಪೂರ್ತಿ ಪೊಲೀಸ್ ಎಂದು ನಾವು ತಿಳಿದಿದ್ದೇವೆ. ಅವನು ದುಡಿಯುವ ಮೂರನೆಯ ಜಾಗವೊಂದಿದೆ. ಅದು ಠಾಣೆಯ ಒಳಮನೆ, ಬೆಳಗಿನ ಹಾಜರಿಯ ಅಂಗಳ. ಅಲ್ಲಿ ಅವನಿಗೆ ಏನಾಗುತ್ತದೆ ಎಂಬುದನ್ನು ನಾವು ನೋಡಿಲ್ಲ, ನೋಡಬೇಕೆಂದು ಕೇಳಿಯೂ ಇಲ್ಲ.

ಹಿಂದೊಮ್ಮೆ ನಮ್ಮ ಧರಣಿಯ ರಾತ್ರಿ ಗೇಟಿನ ಬಳಿ ಕಾವಲಿಗಿದ್ದ ಒಬ್ಬ ಎಳೆಯ ಕಾನ್‌ಸ್ಟೇಬಲ್‌ಗೆ ನಮ್ಮವರೊಬ್ಬರು ಚಹಾ ಕೊಟ್ಟರು. ಅವನು ಲೋಟ ಹಿಡಿದು, "ಬೂಟು ಬಿಚ್ಚಿ ಮೂವತ್ತು ಗಂಟೆ ಆಯ್ತಣ್ಣ" ಎಂದ. ಊರು ಕೇಳಿದರೆ ಪಕ್ಕದ ತಾಲ್ಲೂಕು. ತಂದೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವರು. ಮಾರನೆಯ ದಿನ ಹನ್ನೊಂದು ಗಂಟೆಗೆ ಮೇಲಿನಿಂದ ಆದೇಶ ಬಂತು. ಚಹಾ ಲೋಟ ಹಿಡಿದಿದ್ದ ಅದೇ ಕೈ ನಮ್ಮ ಮೇಲೆ ಎದ್ದಿತು. ಚಹಾ ಕೊಟ್ಟ ಸಂಗಾತಿಯ ಮೊಣಕೈಗೆ ಪೆಟ್ಟು ಬಿತ್ತು. ಆ ದಿನದಿಂದ ನಮ್ಮನ್ನು ಒಂದು ಪ್ರಶ್ನೆ ಬಿಟ್ಟಿಲ್ಲ. ಮೂಟೆ ಹೊರುವವನ ಮಗ ಮೂಟೆ ಹೊರುವವರ ಮೇಲೆ ಕೈ ಎತ್ತುವ ಹಾಗೆ ಅವನನ್ನು ತಯಾರು ಮಾಡಿದ್ದು ಏನು?

ಮೊದಲು ಗಂಟೆಯ ಲೆಕ್ಕ ನೋಡೋಣ. ಪಾಳಿಯ ಲೆಕ್ಕ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಕ್ಕೆ ಎಂಟು ಗಂಟೆ ಎಂಬ ಹಕ್ಕಿಗಾಗಿ ನಮ್ಮ ಹಿರಿಯರು ರಕ್ತ ಸುರಿಸಿದ್ದಾರೆ. 1948ರ ಫ್ಯಾಕ್ಟರಿ ಕಾಯ್ದೆ ವಾರಕ್ಕೆ 48 ಗಂಟೆ ಎಂಬ ಗೆರೆ ಎಳೆಯಿತು. ಅದಕ್ಕೆ ಮೀರಿ ದುಡಿಸಿದರೆ ಇಮ್ಮಡಿ ಕೂಲಿ ಎಂದಿತು. 2023ರಲ್ಲಿ ನಮ್ಮ ರಾಜ್ಯದಲ್ಲೇ ದಿನಕ್ಕೆ 12 ಗಂಟೆಯವರೆಗೂ ದುಡಿಸಬಹುದು ಎಂದು ತಿದ್ದುಪಡಿ ತಂದರು. ಆದರೂ ವಾರದ 48ರ ಗೆರೆಯನ್ನು ಅಳಿಸುವ ಧೈರ್ಯ ಅವರಿಗೆ ಆಗಲಿಲ್ಲ. ಪೊಲೀಸನಿಗೆ ಆ ಗೆರೆಯೇ ಇಲ್ಲ. ಅವನು ಸದಾಕಾಲ ಡ್ಯೂಟಿಯಲ್ಲಿ ಇರುವವನೆಂದೇ ಕಾನೂನಿನ ಎಣಿಕೆ.

ಇದು ನಮ್ಮ ಊಹೆಯಲ್ಲ. ಕೇಂದ್ರ ಗೃಹ ಇಲಾಖೆಗೆ ಸೇರಿದ ಪೊಲೀಸ್ ಸಂಶೋಧನಾ ಸಂಸ್ಥೆಯೇ 2014ರಲ್ಲಿ ದೇಶದ ಠಾಣೆಗಳ ಅಧ್ಯಯನ ಮಾಡಿಸಿತು. ಠಾಣೆಯ ಸಿಬ್ಬಂದಿಯಲ್ಲಿ ನೂರಕ್ಕೆ ಸುಮಾರು 90 ಮಂದಿ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಾರೆ ಎಂದು ಕಂಡುಬಂತು. ತಮ್ಮ ಜನ ಹನ್ನೊಂದು ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುತ್ತಾರೆಂದು ಠಾಣಾಧಿಕಾರಿಗಳಲ್ಲಿ ನೂರಕ್ಕೆ 68 ಮಂದಿ ತಾವೇ ಒಪ್ಪಿಕೊಂಡರು. ತಿಂಗಳಿಗೆ ಒಂದು ವಾರದ ರಜೆಯೂ ಸಿಬ್ಬಂದಿಗೆ ಸಿಗುವುದಿಲ್ಲ ಎಂದವರು ನೂರಕ್ಕೆ 73ಕ್ಕೂ ಹೆಚ್ಚು. 2019ರಲ್ಲಿ ಕಾಮನ್ ಕಾಸ್ ಎಂಬ ಸಂಸ್ಥೆಯೂ ದೆಹಲಿಯ ಲೋಕನೀತಿ ಸಂಸ್ಥೆಯೂ ಸೇರಿ 21 ರಾಜ್ಯಗಳಲ್ಲಿ ಹನ್ನೆರಡು ಸಾವಿರದ ಹತ್ತಿರ ಪೊಲೀಸರನ್ನು ಮಾತಾಡಿಸಿದವು. ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ ಎಂದು ಲೆಕ್ಕ ಸಿಕ್ಕಿತು. ಇದೇ ಸಂಬಳ, ಇದೇ ಸವಲತ್ತು ಬೇರೆ ಕೆಲಸದಲ್ಲಿ ಸಿಗುವುದಾದರೆ ಈ ಕೆಲಸ ಬಿಟ್ಟು ಹೋಗುತ್ತೇವೆ ಎಂದವರು ನೂರಕ್ಕೆ 37 ಮಂದಿ.

ಹದಿನಾಲ್ಕು ಗಂಟೆ ನೂಲಿನ ಯಂತ್ರದ ಮುಂದೆ ನಿಂತವನಿಗೆ ಏನಾಗುತ್ತದೆ ಎಂದು ನಮಗೆ ಗೊತ್ತು. ಕೊನೆಯ ಎರಡು ಗಂಟೆಯಲ್ಲಿ ಕೈ ಒಂದು ಕಡೆ, ಕಣ್ಣು ಒಂದು ಕಡೆ. ಬೆರಳು ಹೋಗುವುದು ಆ ಹೊತ್ತಿನಲ್ಲೇ. ಪೊಲೀಸನ ಕೈಯಲ್ಲಿ ಯಂತ್ರವಿಲ್ಲ, ಮನುಷ್ಯರಿದ್ದಾರೆ. ಆ ಕೊನೆಯ ಎರಡು ಗಂಟೆಯಲ್ಲಿ ಅವನ ಮುಂದೆ ದೂರು ಹಿಡಿದು ನಿಂತವರು ನಾವು.

ದಣಿವು ಮಾತ್ರವಾಗಿದ್ದರೆ ನಿದ್ದೆಯಿಂದ ತೀರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಅವಮಾನ. ಅದೇ 2019ರ ವರದಿಯಲ್ಲಿ ಐವರಲ್ಲಿ ಇಬ್ಬರು ಪೊಲೀಸರು, ಮೇಲಧಿಕಾರಿಗಳು ತಮ್ಮೊಡನೆ ಕೆಟ್ಟ ಮಾತಾಡುತ್ತಾರೆ ಎಂದು ಹೇಳಿದ್ದಾರೆ. ಮೇಲಿನವರು ಮನೆಗೆಲಸ ಹೇಳುತ್ತಾರೆ ಎಂದವರು ನಾಲ್ವರಲ್ಲಿ ಒಬ್ಬರು. ಆರ್ಡರ್ಲಿ ಎಂಬ ಹೆಸರಿನಲ್ಲಿ ಸಾಹೇಬರ ಬೂಟು ಒರೆಸುವುದು, ಅಮ್ಮಾವ್ರಿಗೆ ತರಕಾರಿ ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ನಾಯಿಯನ್ನು ತಿರುಗಾಡಿಸುವುದು, ಇವೆಲ್ಲ ಬ್ರಿಟಿಷ್ ದೊರೆಗಳ ಬಂಗಲೆಯಲ್ಲಿ ಹುಟ್ಟಿದ ಪದ್ಧತಿ. 1979ರಲ್ಲೇ ರಾಷ್ಟ್ರೀಯ ಪೊಲೀಸ್ ಆಯೋಗ ಇದನ್ನು ತೆಗೆದುಹಾಕಿ ಎಂದು ಹೇಳಿತು. ಅದೇ ವರ್ಷ ಪಕ್ಕದ ತಮಿಳುನಾಡಿನಲ್ಲಿ ಸರ್ಕಾರ ಆಜ್ಞೆಯನ್ನೂ ಹೊರಡಿಸಿತು. ನಲವತ್ತಮೂರು ವರ್ಷ ಕಳೆದು 2022ರಲ್ಲಿ ಮದರಾಸು ಹೈಕೋರ್ಟು ಆ ಸತ್ತ ಆಜ್ಞೆಯನ್ನು ಎತ್ತಿಹಿಡಿದು, ಇನ್ನು ನಾಲ್ಕು ತಿಂಗಳಲ್ಲಿ ಈ ಗುಲಾಮಗಿರಿ ಕೊನೆಯಾಗಬೇಕು ಎಂದು ಗದರಬೇಕಾಯಿತು. ಕಾನೂನು ಕಾಪಾಡುವವರ ಮನೆಯೊಳಗೇ ಆಜ್ಞೆ ನಲವತ್ತು ವರ್ಷ ಮಲಗಿದ್ದರೆ, ಬೀದಿಯಲ್ಲಿ ಅದು ಎದ್ದು ನಡೆಯುತ್ತದೆಂದು ನಂಬುವುದು ಹೇಗೆ?

ಬಂಧುಗಳೇ, ನಮ್ಮ ಹಳ್ಳಿಗಳಲ್ಲಿ ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಮಾತಿದೆ. ಬೆಳಿಗ್ಗೆ ಹಾಜರಿಯಲ್ಲಿ ನೂರು ಜನರ ಎದುರು ತಾಯಿಯ ಹೆಸರೆತ್ತಿ ಬೈಸಿಕೊಂಡವನು ಯಾರಿಗೆ ತಿರುಗಿ ಬೈದಾನು? ಮೇಲೆ ಬೈಯುವಂತಿಲ್ಲ. ಮನೆಗೆ ಹೋಗಲು ರಜೆಯಿಲ್ಲ. ಸಂಘವಿಲ್ಲ, ಹೇಳಿಕೊಳ್ಳಲು ಜಾಗವಿಲ್ಲ. ಅವನ ಕೆಳಗೆ ಉಳಿದಿರುವವರು ಗಾಡಿಯವನು, ಆಟೋದವನು, ಠಾಣೆಯ ಬೆಂಚಿನ ತುದಿಯಲ್ಲಿ ಕೂತ ಹೆಣ್ಣುಮಗಳು, ಲಾಕಪ್ಪಿನಲ್ಲಿರುವ ಬಡ ಹುಡುಗ. ಮೇಲೆ ಬಿದ್ದ ಮಾತು ಮೆಟ್ಟಿಲಿಳಿದು ಬಂದು ನಮ್ಮ ಮೇಲೆ ಬೀಳುತ್ತದೆ. ಇಳಿಯುವಾಗ ಅದು ಬರೀ ಮಾತಾಗಿ ಉಳಿಯುವುದಿಲ್ಲ, ಪೆಟ್ಟಾಗುತ್ತದೆ.

ಈ ಮೆಟ್ಟಿಲು ಕಟ್ಟಿದವರು ಯಾರು? 1857ರ ದಂಗೆಯಿಂದ ಬೆದರಿದ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ಮಾಡಿದರು. ಅದಕ್ಕೆ ಅವರು ಮಾದರಿಯಾಗಿ ತೆಗೆದುಕೊಂಡದ್ದು ಲಂಡನ್ನಿನ ಪೊಲೀಸರನ್ನಲ್ಲ. ಐರ್ಲೆಂಡಿನ ಜನರನ್ನು ಹತ್ತಿಕ್ಕಲು ಕಟ್ಟಿದ್ದ ಸಶಸ್ತ್ರ ದಳವನ್ನು. ತಮ್ಮ ಊರಿಗೆ ಒಂದು ನಮೂನೆ, ಗುಲಾಮರ ಊರಿಗೆ ಇನ್ನೊಂದು ನಮೂನೆ! ಮೇಲೆ ಕೆಲವೇ ಗೋರಾ ಅಧಿಕಾರಿಗಳು, ಕೆಳಗೆ ಕಡಿಮೆ ಸಂಬಳದ ದೊಡ್ಡ ದಂಡು. ಕೆಳಗಿನವನು ಯೋಚಿಸಬಾರದು, ಹೇಳಿದ್ದನ್ನು ಮಾಡಬೇಕು. ಹೀಗೆ ಕಟ್ಟಿದ ಪೊಲೀಸ್ ಪಡೆ ಲಂಚಕೋರ, ದಬ್ಬಾಳಿಕೆಯದು, ಜನರ ವಿಶ್ವಾಸ ಗಳಿಸಲು ಸೋತದ್ದು ಎಂದು 1902-03ರಲ್ಲಿ ಬ್ರಿಟಿಷರದೇ ಪೊಲೀಸ್ ಆಯೋಗ ಹೇಳಬೇಕಾಯಿತು. ಆದರೂ ಪೇದೆಗೆ ಯಾಂತ್ರಿಕ ಕೆಲಸ ಬಿಟ್ಟು ಬೇರೇನೂ ಕೊಡಬೇಡಿ ಎಂದೇ ಅದರ ಸಲಹೆ.

ಸ್ವಾತಂತ್ರ್ಯ ಬಂತು. ನಮ್ಮ ರಾಜ್ಯಕ್ಕೆ 1963ರಲ್ಲಿ ಹೊಸ ಪೊಲೀಸ್ ಕಾಯ್ದೆ ಬಂತು. ಪುಸ್ತಕದ ರಟ್ಟು ಬದಲಾಯಿತು, ಅಚ್ಚು ಬದಲಾಗಲಿಲ್ಲ. ಇಂದಿಗೂ ದೇಶದ ಪೊಲೀಸ್ ಪಡೆಯಲ್ಲಿ ನೂರಕ್ಕೆ ಸುಮಾರು 85 ಮಂದಿ ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್‌ಗಳೇ. ಹೆಚ್ಚಿನವರು ಇಡೀ ಸೇವೆಯಲ್ಲಿ ಒಂದೆರಡು ಬಡ್ತಿ ಕಂಡು ಮನೆಗೆ ಹೋಗುತ್ತಾರೆ. ಕೈಕೆಳಗಿನವನಾಗಿ ಸೇರಿ ಕೈಕೆಳಗಿನವನಾಗಿಯೇ ಮುದುಕನಾಗುವವನಿಗೆ ಗೌರವ ಎಂದರೆ ಏನೆಂದು ಯಾರು ಕಲಿಸಿದರು?

ಈ ಏರ್ಪಾಡಿನಿಂದ ನಮಗೆ ಆಗುವ ಹಾನಿಯನ್ನು ಈಗ ಬಿಡಿಸಿ ನೋಡೋಣ. ಮೊದಲು ವ್ಯಾಪಾರಿ ಮಿತ್ರರ ವಿಚಾರ. ಮಾಮೂಲು ಎಂಬುದು ಒಬ್ಬ ಪೇದೆಯ ದುರಾಸೆಯಿಂದ ಮಾತ್ರ ಹುಟ್ಟಿದ್ದಲ್ಲ. ಬಂದೋಬಸ್ತಿಗೆ ಹೋಗುವಾಗ ಊಟದ ಖರ್ಚು, ಆರೋಪಿಯನ್ನು ಕರೆದೊಯ್ಯುವಾಗ ಗಾಡಿಯ ಖರ್ಚು, ಠಾಣೆಯ ಕಾಗದದ ಖರ್ಚು ಎಲ್ಲಿಂದ ಬರಬೇಕು ಎಂದು ಮೇಲಿನವರು ಕೇಳುವುದಿಲ್ಲ. "ಹೇಗೋ ಮಾಡು" ಎನ್ನುತ್ತಾರೆ. ಆ 'ಹೇಗೋ' ಎಂಬ ಮಾತು ನೇರವಾಗಿ ನಿಮ್ಮ ತಕ್ಕಡಿಯ ಮೇಲೆ ಬಂದು ಕೂರುತ್ತದೆ. ಒಮ್ಮೆ ಕೈ ಚಾಚಲು ಕಲಿತ ಮೇಲೆ ಯಾವುದು ಠಾಣೆಯ ಖರ್ಚಿಗೆ, ಯಾವುದು ತನ್ನ ಜೇಬಿಗೆ ಎಂಬ ಗೆರೆ ಅಳಿಸಿಹೋಗುತ್ತದೆ. ಮೇಲಿನವರಿಗೂ ಪಾಲು ಹೋಗುವ ಕಡೆ ಕೈ ಚಾಚದವನೇ ತಪ್ಪಿತಸ್ಥನಾಗುತ್ತಾನೆ.

ಎರಡನೆಯದು ಲಾಕಪ್ಪು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗದು ಎಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು; 2023ರ ಹೊಸ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿದೆ. ಆದರೆ ಆರೋಪಿ ಹೇಳಿದ ಮಾತಿನಿಂದ ಕದ್ದ ಮಾಲು ಸಿಕ್ಕರೆ, ಆ ಮಾತಿನ ಅಷ್ಟು ಭಾಗ ಸಾಕ್ಷಿಯಾಗುತ್ತದೆ. ಈ ಕಿಂಡಿಯ ಮೂಲಕ ಲಾಠಿ ಒಳಗೆ ಬರುತ್ತದೆ. ಕಳವಾದ ಮನೆ ದೊಡ್ಡವರದಾದರೆ ಮೂರು ದಿನದಲ್ಲಿ ಮಾಲು ತರಬೇಕೆಂದು ಮೇಲಿನಿಂದ ಒತ್ತಾಯ. ವಿಚಾರಣೆಗೆ ಬೇಕಾದ ಹೊತ್ತಿಲ್ಲ, ತರಬೇತಿಯಿಲ್ಲ, ಮಧ್ಯೆ ಮಂತ್ರಿಗಳ ಬಂದೋಬಸ್ತು. ಆಗ ಕೈಗೆ ಸಿಕ್ಕ ಬಡವನನ್ನು ತಂದು ಹೊಡೆಯುವುದು ಸುಲಭದ ದಾರಿಯಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ!

ಈ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಸಣ್ಣ ವ್ಯಾಪಾರಿಗಳು ಮರೆಯಬಾರದ ಒಂದು ಊರಿದೆ. ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಸಾತಾನ್‌ಕುಳಂ. 2020ರ ಜೂನ್ ತಿಂಗಳು, ಕೊರೋನಾ ಲಾಕ್‌ಡೌನಿನ ಕಾಲ. ಮೊಬೈಲ್ ಅಂಗಡಿಯೊಂದನ್ನು ಗೊತ್ತಾದ ಹೊತ್ತು ಮೀರಿ ತೆರೆದಿದ್ದರು ಎಂಬ ಆರೋಪದ ಮೇಲೆ ತಂದೆ ಮತ್ತು ಮಗನನ್ನು ಠಾಣೆಗೆ ಕರೆದೊಯ್ದರು. ನಾಲ್ಕೈದು ದಿನದೊಳಗೆ ಇಬ್ಬರೂ ಸತ್ತರು. ಹೊತ್ತು ಮೀರಿ ಅಂಗಡಿ ತೆರೆದದ್ದಕ್ಕೆ ಎರಡು ಪ್ರಾಣ! ವಿಚಾರಣೆಗೆ ಠಾಣೆಗೆ ಹೋದ ಮ್ಯಾಜಿಸ್ಟ್ರೇಟರನ್ನೇ ಅಲ್ಲಿನ ಪೊಲೀಸರು ಬೆದರಿಸುವ ಮಾತಾಡಿದರು. ಆ ಠಾಣೆಯಲ್ಲಿ ಅಂದು ಡ್ಯೂಟಿಯಲ್ಲಿದ್ದ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಮಾತ್ರ ಬಾಯಿಬಿಟ್ಟರು. ರಾತ್ರಿಯಿಡೀ ಹೊಡೆದರು, ಲಾಠಿಗೂ ಮೇಜಿಗೂ ರಕ್ತ ಮೆತ್ತಿತ್ತು ಎಂದು ಹೇಳಿದರು. ಹೇಳುವಾಗ ಆಕೆ ಹೆದರಿ ನಡುಗುತ್ತಿದ್ದರು; ಹೊರಗೆ ನಿಂತ ಸಹೋದ್ಯೋಗಿಗಳಿಗೆ ಕೇಳಿಸೀತೆಂದು ಅಂಜುತ್ತಿದ್ದರು. ಆಮೇಲೆ ಸಿ.ಬಿ.ಐ. ಒಂಬತ್ತು ಜನ ಪೊಲೀಸರ ಮೇಲೆ ಆರೋಪಪಟ್ಟಿ ಹಾಕಿತು.

ಆ ತಾಯಿಯ ಭಯವನ್ನು ಸ್ವಲ್ಪ ಯೋಚಿಸಿ ನೋಡಿ. ಅವರು ಹೆದರಿದ್ದು ಕಳ್ಳರಿಗಲ್ಲ, ತಮ್ಮ ಜೊತೆಗೆ ದಿನವೂ ಹಾಜರಿ ಹಾಕುವವರಿಗೆ. ಪೊಲೀಸ್ ಇಲಾಖೆಯ ಒಳಗಿನ ನಡವಳಿಕೆ ಹೇಗಿದೆ ಎಂಬುದನ್ನು ತಿಳಿಯಲು ಬೇರೆ ವರದಿಯೇ ಬೇಡ. ಹೊಡೆಯುವವನಿಗೆ ಅಲ್ಲಿ ಜೊತೆ ಇದೆ, ನಿಜ ಹೇಳುವವರಿಗೆ ಇಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುವುದೇ ಅಲ್ಲಿ ಸ್ನೇಹ ಎನಿಸಿಕೊಂಡಿದೆ. ನಮ್ಮ ಸಂಘದ ಒಗ್ಗಟ್ಟಿಗೂ ಇದಕ್ಕೂ ಅಜಗಜಾಂತರ ವ್ಯತ್ಯಾಸ. ನಾವು ಒಟ್ಟಾಗುವುದು ಅನ್ಯಾಯ ಹೇಳಿಕೊಳ್ಳಲು. ಅಲ್ಲಿ ಒಟ್ಟಾಗುವುದು ಅನ್ಯಾಯ ಹೇಳದಿರಲು.

ಮೂರನೆಯದು ಗೋಲಿಬಾರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ರೈತರು ಸತ್ತರು. ಆ ದಿನದ ರೊಚ್ಚಿಗೆ ಸಿಕ್ಕಿ ಪೊಲೀಸರೂ ಸತ್ತರು. ಎರಡು ಕಡೆಯ ಹೆಣಗಳೂ ಹೊರಟದ್ದು ಬಡವರ ಮನೆಗೆ. ಕರ ಹಾಕಿದವರು, ರೈತರ ಅಹವಾಲು ಕೇಳದೆ ಕೂತವರು ಯಾರೂ ಆ ಬೀದಿಯಲ್ಲಿ ಇರಲಿಲ್ಲ. ಸರ್ಕಾರ ಮಾತಾಡಬೇಕಾದ ಕಡೆ ಪೊಲೀಸನನ್ನು ನಿಲ್ಲಿಸಿದರೆ ಆಗುವುದು ಇಷ್ಟೇ.

ಹಾಗಾದರೆ ಪೊಲೀಸರು ತಮ್ಮ ಪಾಡಿಗೆ ಸುಮ್ಮನೆ ಇದ್ದರೇ? ಇಲ್ಲ. 1973ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸರು ದಂಗೆ ಎದ್ದರು. ಅದನ್ನು ಅಡಗಿಸಲು ಸೈನ್ಯ ಬಂತು, ಅಲ್ಲಿನ ಸರ್ಕಾರವೇ ಬಿತ್ತು. 1979ರ ಬೇಸಗೆಯಲ್ಲಿ ಪಂಜಾಬಿನಲ್ಲಿ ಹತ್ತಿದ ಕಿಡಿ ಹಲವು ರಾಜ್ಯಗಳಿಗೆ ಹಬ್ಬಿತು. ಇನ್ನು ನಮ್ಮ ರಾಜ್ಯದ 2016ನೆಯ ಇಸವಿಯನ್ನು ನೆನೆಯಿರಿ. ಆ ವರ್ಷ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ತಾವು ಕೂಡಿಟ್ಟ ಭವಿಷ್ಯನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿ ಕೊಡುವುದಿಲ್ಲ ಎಂಬ ನಿಯಮದ ವಿರುದ್ಧ ಅವರ ಸಿಟ್ಟು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಹೆಣ್ಣುಮಕ್ಕಳು ಜಗ್ಗಲಿಲ್ಲ. ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಇದಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಎಂದು ಕರ್ನಾಟಕದ ಪೊಲೀಸರೇ ಹೊರಟರು. ಅವರು ಕೇಳಿದ್ದೇನು? ನೆರೆ ರಾಜ್ಯಗಳಿಗೆ ಸಮನಾದ ಸಂಬಳ, ವಾರದ ರಜೆ, ಮೇಲಿನವರ ಕಿರುಕುಳ ನಿಲ್ಲಬೇಕು. ಗಾರ್ಮೆಂಟ್ ಹೆಣ್ಣುಮಗಳು ಕೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಸರ್ಕಾರ ಎಸ್ಮಾ ಕಾಯ್ದೆಯನ್ನು ಝಳಪಿಸಿತು. ಚಳವಳಿಯ ಮುಂದಾಳನ್ನು ಹಿಡಿದು ರಾಜದ್ರೋಹದ ಮೊಕದ್ದಮೆ ಹಾಕಿತು. ರಜೆ ಕೇಳಿದ್ದಕ್ಕೆ ರಾಜದ್ರೋಹ! ಜೂನ್ 4 ಸದ್ದಿಲ್ಲದೆ ಕಳೆದುಹೋಯಿತು. ಆದರೂ ಅಂಜಿಕೆ ಸರ್ಕಾರಕ್ಕೂ ತಟ್ಟಿತ್ತು. ಅದೇ ವರ್ಷ ಔರಾದ್ಕರ್ ಸಮಿತಿ ಸಂಬಳ ಏರಿಸಿ ಎಂದು ಶಿಫಾರಸು ಮಾಡಿತು. 2019ರಲ್ಲಿ ಅದರ ಒಂದು ಭಾಗ ಜಾರಿಗೆ ಬಂತು. ಅರ್ಧ ರೊಟ್ಟಿ ಸಿಕ್ಕಿತು. ಅದೂ ಕೇಳಿದ್ದರಿಂದಲೇ ಸಿಕ್ಕಿತು.

ಏಪ್ರಿಲ್ಲಿನಲ್ಲಿ ಆ ಹೆಣ್ಣುಮಕ್ಕಳ ಮೇಲೆ ಲಾಠಿ ಬೀಸಿದವನು ಜೂನಿನಲ್ಲಿ ತನ್ನ ಕಷ್ಟ ಹೇಳಿದಾಗ ಅವನ ಹಿಂದೆ ಯಾರೂ ನಿಲ್ಲಲಿಲ್ಲ. ನಾವೂ ನಿಲ್ಲಲಿಲ್ಲ. "ಆಗಲಿ, ಅನುಭವಿಸಲಿ" ಎಂದೆವು. ಅದರಿಂದ ಲಾಭವಾದದ್ದು ಯಾರಿಗೆ? ಇಬ್ಬರನ್ನೂ ಬೇರೆ ಬೇರೆ ಇಟ್ಟು ಆಳುವವರಿಗೆ.

ಸಂಘ ಕಟ್ಟುವ ಹಕ್ಕಿನ ಹೆದರಿಕೆ ಆಳುವವರಿಗೆ ಎಲ್ಲ ದೇಶದಲ್ಲೂ ಇದೆ. ಇಂಗ್ಲೆಂಡಿನಲ್ಲಿ 1918ರಲ್ಲೂ 1919ರಲ್ಲೂ ಪೊಲೀಸರು ಮುಷ್ಕರ ಹೂಡಿದರು. 1919ರ ಮುಷ್ಕರದಲ್ಲಿ ಹೊರಬಂದವರನ್ನೆಲ್ಲ ಕೆಲಸದಿಂದ ಕಿತ್ತುಹಾಕಿದರು, ಒಬ್ಬರನ್ನೂ ಮತ್ತೆ ಸೇರಿಸಿಕೊಳ್ಳಲಿಲ್ಲ. ಕಾನೂನಿನಿಂದ ಅವರ ಯೂನಿಯನ್ನನ್ನು ಮುಚ್ಚಿದರು. ಆದರೆ ಸಂಬಳ ಏರಿಸಿದರು, ದೂರು ಹೇಳಿಕೊಳ್ಳಲು ಫೆಡರೇಷನ್ ಎಂಬ ಒಂದು ವೇದಿಕೆಯನ್ನಾದರೂ ಕೊಟ್ಟರು. ನಮ್ಮಲ್ಲಿ 1922ರಲ್ಲಿ ಬ್ರಿಟಿಷರು, ಪೊಲೀಸರಲ್ಲಿ ಅಸಮಾಧಾನ ಹುಟ್ಟಿಸುವುದೇ ಅಪರಾಧ ಎಂದು ಕಾಯ್ದೆ ಮಾಡಿದರು. 1966ರಲ್ಲಿ ನಮ್ಮದೇ ಪಾರ್ಲಿಮೆಂಟು ಇನ್ನೊಂದು ಕಾಯ್ದೆ ಮಾಡಿ, ಅನುಮತಿಯಿಲ್ಲದೆ ಪೊಲೀಸರು ಕಾರ್ಮಿಕ ಸಂಘ ಸೇರುವಂತಿಲ್ಲ, ಪತ್ರಿಕೆಗೆ ಬರೆಯುವಂತಿಲ್ಲ ಎಂದು ಬಾಯಿಗೆ ಬೀಗ ಹಾಕಿತು. ಆದರೆ ಅನುಮತಿ ಕೊಡುವ ಬಾಗಿಲನ್ನು ಆ ಕಾಯ್ದೆ ಮುಚ್ಚಿಲ್ಲ. ಕೇರಳದಲ್ಲಿ ಹಲವು ದಶಕಗಳಿಂದ ಪೊಲೀಸರ ಮಾನ್ಯ ಸಂಘವಿದೆ. ಅಲ್ಲಿ ಆಕಾಶವೇನೂ ಕಳಚಿ ಬಿದ್ದಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಆ ಹಿರಿಯ ಹಮಾಲರು ನಮ್ಮನ್ನು ಕ್ಷಮಿಸುವುದಿಲ್ಲ. ಹೊಡೆಯುವವನಿಗೆ ನಾವು ಮಾಫಿ ಕೊಡುತ್ತಿಲ್ಲ. ದಣಿದವರೆಲ್ಲ ಹೊಡೆಯುವುದಿಲ್ಲ. ಹದಿನಾಲ್ಕು ಗಂಟೆ ದುಡಿದ ನರ್ಸಮ್ಮ ರೋಗಿಯ ಕೆನ್ನೆಗೆ ಬಾರಿಸುವುದಿಲ್ಲ. ಅವಮಾನ ನುಂಗಿದ ನಮ್ಮ ಗಿರಣಿಯ ಕಾರ್ಮಿಕ ಮಾರನೆಯ ದಿನ ಯಾರನ್ನೂ ಕತ್ತಲೆ ಕೋಣೆಗೆ ಕೂಡಿ ಹಾಕುವುದಿಲ್ಲ. ಹೊಡೆಯುವವನು ಹೊಡೆಯುವುದು ಹೊಡೆದರೆ ಏನೂ ಆಗುವುದಿಲ್ಲ ಎಂದು ಗೊತ್ತಿರುವುದರಿಂದ. ಲಾಕಪ್ಪಿನಲ್ಲಿ ಪ್ರಾಣ ತೆಗೆದವನು ಕಾನ್‌ಸ್ಟೇಬಲ್ಲೇ ಇರಲಿ, ಕಮಿಷನರೇ ಇರಲಿ, ಕೊಲೆಗಾರನಿಗೆ ಆಗುವ ಶಿಕ್ಷೆಯೇ ಅವನಿಗೂ ಆಗಬೇಕು. ಬಡ ಪೇದೆಯನ್ನು ಬಲಿಕೊಟ್ಟು ಮೇಲಿನವರು ಪಾರಾಗಲೂ ಕೂಡದು.

ಮೇಲಿನವರು ಮನಸ್ಸು ಮಾಡಿದರೆ ಕೆಳಗೆ ಬದಲಾವಣೆ ಎಷ್ಟು ಬೇಗ ಬರುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದ ಮೊದಲ ದಿನಗಳಲ್ಲಿ ಹಾಲು ತರಲು ಹೊರಟವರಿಗೂ ಪೆಟ್ಟು ಬಿತ್ತು. ಆಗ ಬೆಂಗಳೂರಿನ ಪೊಲೀಸ್ ಕಮಿಷನರರು, ಲಾಠಿಯನ್ನು ಠಾಣೆಯಲ್ಲೇ ಇಟ್ಟು ಹೋಗಿ ಎಂದು ಹೇಳಿದರು. ಒಂದು ಮಾತಿನಿಂದ ಲಾಠಿ ಕೆಳಗಿಡಿಸಲು ಸಾಧ್ಯವಿದ್ದರೆ, ಆ ಮಾತು ಹೇಳದೆ ಇದ್ದ ದಿನಗಳ ಹೊಣೆ ಯಾರದು?

ಈಗ ನಮ್ಮ ಬೇಡಿಕೆಗಳು. ಇವನ್ನು ಈ ಸಭೆಯ ನಿರ್ಣಯವಾಗಿ ಕಳಿಸಬೇಕೆಂದು ನಾವು ಕೋರುತ್ತೇವೆ.

ಮೊದಲನೆಯದು, ಠಾಣೆಗಳಲ್ಲಿ ಎಂಟು ಗಂಟೆಯ ಮೂರು ಪಾಳಿ ಮತ್ತು ತಪ್ಪದ ವಾರದ ರಜೆ. ಇದಕ್ಕೆ ಜನ ಸಾಲದಿದ್ದರೆ ಖಾಲಿ ಹುದ್ದೆ ತುಂಬಲಿ. ನಮ್ಮ ಮಕ್ಕಳು ಕೆಲಸವಿಲ್ಲದೆ ಕೂತಿದ್ದಾರೆ. ಮಹಿಳಾ ಪೊಲೀಸರಿಗೆ ಪ್ರತ್ಯೇಕ ಶೌಚಾಲಯ ಬೇಕು. 2019ರ ವರದಿಯ ಪ್ರಕಾರ ಐವರಲ್ಲಿ ಒಬ್ಬ ಮಹಿಳಾ ಪೊಲೀಸರಿಗೆ ಅದೂ ಇರಲಿಲ್ಲ. ಇದು ಹೇಳಲೂ ನಾಚಿಕೆಯಾಗುವ ಸಂಗತಿ.

ಎರಡನೆಯದು, ಸಾಹೇಬರ ಮನೆಯಲ್ಲಿ ಯಾವ ಹೆಸರಿನಲ್ಲೂ ಪೊಲೀಸನಿಂದ ಮನೆಗೆಲಸ ಮಾಡಿಸಕೂಡದು. ಜನರ ತೆರಿಗೆಯಿಂದ ಸಂಬಳ ಪಡೆಯುವವನು ಜನರ ಕೆಲಸಕ್ಕೆ ಬರಲಿ.

ಮೂರನೆಯದು, ಕೆಳದರ್ಜೆಯ ಪೊಲೀಸರಿಗೆ ಮಾನ್ಯತೆ ಪಡೆದ ಸಂಘ. ನಿಜ ಹೇಳಿದ ಆ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಅಂಥವರ ಬೆನ್ನಿಗೆ ನಿಲ್ಲಲು ಠಾಣೆಯೊಳಗೇ ಯಾರಾದರೂ ಇರಬೇಕು. ಆ ಸಂಘ ಲಾಕಪ್ಪಿನ ಪೆಟ್ಟನ್ನು ಮುಚ್ಚಿಡುವ ಸಂಘವಾದರೆ ಅದನ್ನು ಮೊದಲು ಎದುರಿಸುವವರು ನಾವೇ.

ನಾಲ್ಕನೆಯದು, ಹೊರಗಿನ ಕಣ್ಣು. ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ: ಜನರ ದೂರು ಕೇಳಲು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಬೇಕು, ತನಿಖೆಯ ಕೆಲಸವೂ ಬಂದೋಬಸ್ತಿನ ಕೆಲಸವೂ ಬೇರೆಯಾಗಬೇಕು, ಠಾಣಾಧಿಕಾರಿಗೆ ಎರಡು ವರ್ಷದ ನಿಶ್ಚಿತ ಅವಧಿ ಬೇಕು. ಶಾಸಕರ ಚೀಟಿಯ ಮೇಲೆ ವರ್ಗವಾಗಿ ಬಂದವನು ಶಾಸಕರ ಮಾತು ಕೇಳುತ್ತಾನೆಯೇ ಹೊರತು ನಿಮ್ಮ ಮಾತು ಕೇಳುವುದಿಲ್ಲ. ಪ್ರತಿ ಠಾಣೆಯ ಲಾಕಪ್ಪಿಗೂ ಕ್ಯಾಮೆರಾ ಹಾಕಿ ಎಂದು 2020ರಲ್ಲಿ ಅದೇ ಕೋರ್ಟು ಹೇಳಿದೆ. ನಮ್ಮ ಜಿಲ್ಲೆಯ ಪ್ರತಿ ಠಾಣೆಯಲ್ಲೂ ಅದು ಇದೆಯೇ, ಇದ್ದರೆ ನಡೆಯುತ್ತಿದೆಯೇ ಎಂದು ನಾವು ಅರ್ಜಿ ಹಾಕಿ ಕೇಳೋಣ.

ಐದನೆಯದು ಸರ್ಕಾರಕ್ಕಲ್ಲ, ನಮಗೆ. ಮಾಮೂಲು ಕೊಡುವುದನ್ನು ಒಬ್ಬೊಬ್ಬರೇ ನಿಲ್ಲಿಸಲಾರೆವು, ಒಟ್ಟಾಗಿ ನಿಲ್ಲಿಸಬಲ್ಲೆವು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರಮಾಣಪತ್ರವಿರುವ ವ್ಯಾಪಾರಿಯನ್ನು, ಅವನು ಷರತ್ತಿನಂತೆ ನಡೆದರೆ, ಪೊಲೀಸರೂ ತಡೆಯುವಂತಿಲ್ಲ. ಆ ಪ್ರಮಾಣಪತ್ರ ಮಾಡಿಸಿಕೊಳ್ಳದವರು ನಾಳೆಯೇ ನಮ್ಮ ಕಚೇರಿಗೆ ಬನ್ನಿ. ಯಾರನ್ನಾದರೂ ಹಿಡಿದೊಯ್ದರೆ ದಸ್ತಗಿರಿಯ ಪತ್ರ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರಿಂದ ಪರೀಕ್ಷೆ ಮಾಡಿಸಬೇಕು ಎಂಬುದು ಡಿ.ಕೆ. ಬಸು ಮೊಕದ್ದಮೆಯ ತೀರ್ಪು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ಸಂವಿಧಾನ. ಇವನ್ನು ಬಾಯಿಪಾಠ ಮಾಡಿ, ಮಕ್ಕಳಿಗೂ ಹೇಳಿಕೊಡಿ. ಠಾಣೆಗೆ ಒಬ್ಬರೇ ಹೋಗಬೇಡಿ, ಹತ್ತು ಮಂದಿ ಹೋಗಿ. ಹೋದಾಗ ಮರ್ಯಾದೆಯಿಂದ ಮಾತಾಡಿ, ಮರ್ಯಾದೆಯನ್ನೇ ಕೇಳಿ.

ಬಂಧುಗಳೇ, ಚಹಾ ಕೊಟ್ಟು ಪೆಟ್ಟು ತಿಂದ ನಮ್ಮ ಸಂಗಾತಿ ಈ ಸಭೆಯಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಮಳೆಗಾಲದಲ್ಲಿ ಆ ಮೊಣಕೈ ಇಂದಿಗೂ ನೋಯುತ್ತದೆ. ಈ ಭಾಷಣಕ್ಕೆ ಮುಂಚೆ ಅವರನ್ನು ಕೇಳಿದೆವು: ಇನ್ನೊಂದು ಧರಣಿಯ ರಾತ್ರಿ ಅಂಥ ಹುಡುಗನೇ ಗೇಟಿನಲ್ಲಿ ನಿಂತಿದ್ದರೆ ಏನು ಮಾಡುತ್ತೀರಿ? ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಚಹಾ ಕೊಡ್ತೀನಿ. ಆದರೆ ಈ ಸಲ ಅವನ ಹೆಸರು, ನಂಬರು ಬರೆದಿಟ್ಟುಕೊಂಡು ಕೊಡ್ತೀನಿ" ಎಂದರು.

ಬಾಗಿಲಲ್ಲಿ ನಮ್ಮನ್ನು ತಡೆದ ಹಿರಿಯರಿಗೆ ನಾವು ಕೊಡಬಹುದಾದ ಉತ್ತರವೂ ಇಷ್ಟೇ.